ಮೊದಲ ಟ್ರಯಥ್ಲಾನ್: ಬ್ಯಾರಿಕೇಡ್‌ನ ಒಳಗೆ ನೀವು, ಹೊರಗೆ ನಿಮ್ಮವರು

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ರೇಸ್ ಟ್ರಯಥ್ಲಾನ್. ನನ್ನ ಮೊದಲ ಟ್ರಯಥ್ಲಾನ್ ದಿನ ಅಪ್ಪ ನನ್ನನ್ನು ನೋಡಿದ್ದು ಎರಡೇ ಸಲ. ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಒಳಗೆ ಹೋಗುವಾಗ ಒಂದು ಸಲ. ಎಲ್ಲ ಮುಗಿದು ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಗ ಇನ್ನೊಂದು ಸಲ. ನಡುವೆ ಎರಡು ಗಂಟೆ ಅವರು ಬಿಸಿಲಲ್ಲಿ ನಿಂತು ಬೇರೆ ಯಾರಿಗೋ ಚಪ್ಪಾಳೆ ತಟ್ಟಿದ್ದರು. ‘ನೀರಿಂದ ಎಷ್ಟು ಬೇಗ ಎದ್ದು ಬಂದೆ ಕಣೋ’ ಅಂದರು. ಎದ್ದು ಬಂದವನು ನಾನಲ್ಲ. ಒಂದೇ ಬಣ್ಣದ ಟೋಪಿ, ಕಪ್ಪು ಗಾಗಲ್ಸ್ ಹಾಕಿಕೊಂಡ ಮೇಲೆ ಎಲ್ಲರೂ ಒಂದೇ ಥರ ಕಾಣುತ್ತಾರೆ.

ತಪ್ಪು ನನ್ನದೇ. ಮೂರು ತಿಂಗಳು ಈಜು, ಸೈಕಲ್, ಓಟ ಅಂತ ಲೆಕ್ಕ ಹಾಕಿದ್ದೆ. ನೋಡಲು ಬಂದವರು ಎಲ್ಲಿ ನಿಲ್ಲಬೇಕು, ಯಾವಾಗ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಐದು ನಿಮಿಷವೂ ಕೊಟ್ಟಿರಲಿಲ್ಲ. ಆಮೇಲಿನ ರೇಸ್‌ಗಳಲ್ಲಿ ಅದನ್ನೂ ತಯಾರಿಯ ಲೆಕ್ಕಕ್ಕೆ ಸೇರಿಸಿಕೊಂಡೆ. ಅದಕ್ಕೇ ಈ ಲೇಖನದಲ್ಲಿ ನೀವು ಹೇಗೆ ತಯಾರಾಗಬೇಕು ಅನ್ನುವುದೂ ಇದೆ, ನಿಮ್ಮವರನ್ನು ಹೇಗೆ ತಯಾರು ಮಾಡಬೇಕು ಅನ್ನುವುದೂ ಇದೆ.

ಮೊದಲು ದೂರ ಆರಿಸಿಕೊಳ್ಳಿ

ಟ್ರಯಥ್ಲಾನ್ ಅಂದ ತಕ್ಷಣ ಜನರಿಗೆ ನೆನಪಾಗುವುದು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೊಂದು ಪೂರ್ತಿ ಮ್ಯಾರಥಾನ್. ಅದು ಐರನ್‌ಮ್ಯಾನ್ ದೂರ. ಅದರ ಸುದ್ದಿ ಈಗ ಬೇಡ. ಮೊದಲ ಸಲಕ್ಕೆ ಸ್ಪ್ರಿಂಟ್ ಸಾಕು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಸರಿಯಾಗಿ ಎರಡರಷ್ಟು. ಸ್ಪ್ರಿಂಟ್‌ಗಿಂತ ಚಿಕ್ಕವೂ ಇರುತ್ತವೆ. ಅದರಿಂದ ಶುರು ಮಾಡಿದರೆ ನಾಚಿಕೆಪಡುವುದೇನೂ ಇಲ್ಲ.

ಸ್ಪ್ರಿಂಟ್ ಇರಲಿ ಅನ್ನುವುದಕ್ಕೆ ನನ್ನದೊಂದು ಕಾರಣ ಬೇರೆ ಇದೆ. ನೋಡಲು ಬಂದವರ ತಾಳ್ಮೆಗೂ ಮಿತಿ ಉಂಟು. ಎರಡು ಗಂಟೆಯೊಳಗೆ ಮುಗಿಯುವ ರೇಸ್‌ನಲ್ಲಿ ಅವರು ನಿಮ್ಮನ್ನು ಐದಾರು ಸಲ ನೋಡಬಹುದು. ದೊಡ್ಡ ದೂರದಲ್ಲಿ ಸೈಕಲ್ ಹತ್ತಿ ಹೋದವರು ಗಂಟೆಗಟ್ಟಲೆ ಪತ್ತೆ ಇರುವುದಿಲ್ಲ.

ನೋಂದಣಿ ಮಾಡುವ ಮುಂಚೆ ಸೈಕಲ್ ದಾರಿಯ ನಕ್ಷೆ ನೋಡಿ. 5 ಕಿ.ಮೀ. ಸುತ್ತನ್ನು ನಾಲ್ಕು ಸಲ ಸುತ್ತುವ ದಾರಿ ಇದ್ದರೆ ನಿಮ್ಮವರು ಕೂತಲ್ಲೇ ನಾಲ್ಕು ಸಲ ನಿಮ್ಮನ್ನು ನೋಡುತ್ತಾರೆ. ಹೋಗಿ ಬರುವ ಒಂದೇ ಉದ್ದದ ದಾರಿ ಇದ್ದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮನೆಮಂದಿ ಬರುತ್ತಾರೆ ಅಂತಿದ್ದರೆ ನಾನು ಸುತ್ತುವ ದಾರಿಯನ್ನೇ ಆರಿಸುತ್ತೇನೆ.

ಗೆಳೆಯರಿಗೂ ಆಸೆ ಇದ್ದು ಧೈರ್ಯ ಇಲ್ಲ ಅಂದರೆ ರಿಲೇ ತಂಡ ಕಟ್ಟಬಹುದು. ಒಬ್ಬರು ಈಜುವುದು, ಒಬ್ಬರು ಸೈಕಲ್, ಒಬ್ಬರು ಓಟ. ಸಮಯ ದಾಖಲಿಸಲು ಕಾಲಿಗೆ ಕಟ್ಟುವ ಚಿಪ್ ಬಿಚ್ಚಿ ಮುಂದಿನವರ ಕಾಲಿಗೆ ಕಟ್ಟಿದರೆ ಆಯಿತು. ಹೀಗೆ ರಿಲೇಗೆ ಬಂದವರು ಮುಂದಿನ ವರ್ಷ ಒಬ್ಬರೇ ಇಳಿದಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಹನ್ನೆರಡು ವಾರ

ಒಂದಿಷ್ಟು ಈಜು ಬರುತ್ತದೆ, ನಿಲ್ಲದೆ ಅರ್ಧ ಗಂಟೆ ನಿಧಾನವಾಗಿ ಓಡುತ್ತೀರಿ ಅಂತಾದರೆ 12 ವಾರ ಸಾಕು. ಈಜು ಏನೇನೂ ಬರುವುದಿಲ್ಲ ಅಂದರೆ ಮೊದಲು ಅದನ್ನೇ ಕಲಿಯಿರಿ, ರೇಸ್ ಆಮೇಲೆ. ಆರೋಗ್ಯದ ತೊಂದರೆ ಇದ್ದರೆ, ಬಹಳ ವರ್ಷ ಮೈ ಬಗ್ಗಿಸದೆ ಕೂತಿದ್ದರೆ, ಶುರು ಮಾಡುವ ಮುಂಚೆ ಡಾಕ್ಟರನ್ನು ಕಾಣಿ.

ವಾರದಲ್ಲಿ ಎರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ದಿನಕ್ಕೆ 30ರಿಂದ 60 ನಿಮಿಷ. ವಾರದ ಕೊನೆಯ ಸೈಕಲ್ ಮಾತ್ರ ಸ್ವಲ್ಪ ಉದ್ದ ಇರಲಿ. ಹೆಚ್ಚಿನ ಅಭ್ಯಾಸ ನಿಧಾನವೇ ಆಗಿರಬೇಕು. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿದಿರಬೇಕು. ಏದುಸಿರು ಬಿಡುತ್ತಾ ಮಾಡಿದರೆ ಮಾತ್ರ ಅಭ್ಯಾಸ ಅನ್ನುವ ಭ್ರಮೆ ನನಗೂ ಇತ್ತು. ಮಂಡಿ ನೋವು ಬಂದು ಎರಡು ವಾರ ಕೂತ ಮೇಲೆ ಇಳಿಯಿತು.

ಐದನೇ ವಾರದಿಂದ ‘ಬ್ರಿಕ್’ ಅಭ್ಯಾಸ ಸೇರಿಸಿ. ಸೈಕಲ್ ಇಳಿದ ತಕ್ಷಣ, ಕೂರದೆ, ಶೂ ಹಾಕಿಕೊಂಡು ಓಡುವುದು. ಮೊದಲ ಸಲ ಮಾಡಿದಾಗ ಗಾಬರಿಯಾಗುತ್ತದೆ. ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ತೊಡೆ ಮರದ ಕೊರಡಿನ ಹಾಗೆ. ಅಷ್ಟು ಹೊತ್ತು ಒಂದೇ ಥರ ಸುತ್ತುತ್ತಿದ್ದ ಸ್ನಾಯುಗಳಿಗೆ ಇದ್ದಕ್ಕಿದ್ದ ಹಾಗೆ ಮೈಭಾರ ಹೊತ್ತು ನೆಗೆಯಿರಿ ಅಂದರೆ ಅವು ಒಪ್ಪಲು ಸ್ವಲ್ಪ ಹೊತ್ತು ಬೇಕು. ಒಂದು ಕಿ.ಮೀ. ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ಸರಿಹೋಗುತ್ತದೆ. ಸೈಕಲ್‌ನ ಕೊನೆಯ ಒಂದೆರಡು ನಿಮಿಷ ಹಗುರ ಗೇರ್‌ಗೆ ಹಾಕಿ ಬೇಗ ಬೇಗ ಪೆಡಲ್ ತಿರುಗಿಸಿದರೆ ಇನ್ನೂ ಸುಲಭ. ಹತ್ತು ನಿಮಿಷದ ಬ್ರಿಕ್ ಓಟ ಸಾಕು. ಕಾಲಿಗೆ ಅದರ ಪರಿಚಯ ಆಗಬೇಕು, ಅಷ್ಟೇ.

ಸೈಕಲ್ ದುಬಾರಿಯದೇ ಆಗಬೇಕಿಲ್ಲ. ಬ್ರೇಕ್ ಹಿಡಿಯಬೇಕು, ಗೇರ್ ಬೀಳಬೇಕು, ಸೀಟಿನ ಎತ್ತರ ಸರಿ ಇರಬೇಕು. ಹ್ಯಾಂಡಲ್‌ನ ಎರಡೂ ತುದಿಗೆ ಮುಚ್ಚಳ ಇರಬೇಕು. ಬಹಳ ಕಡೆ ಪರಿಶೀಲನೆಯಲ್ಲಿ ಇದನ್ನು ನೋಡುತ್ತಾರೆ. ಬಿದ್ದಾಗ ತೆರೆದ ಕೊಳವೆ ಮೈಗೆ ಚುಚ್ಚುತ್ತದಲ್ಲ, ಅದಕ್ಕೆ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವುದನ್ನು ಮನೆಯಲ್ಲಿ ಎರಡು ಸಲ ಮಾಡಿ ಕಲಿಯಿರಿ. ಒಂದು ಸಲ ಹಿಂದಿನ ಚಕ್ರ ಬಿಚ್ಚಿಯೇ ಕಲಿಯಿರಿ.

ನೀರು

ಮೊದಲ ರೇಸ್‌ನಲ್ಲಿ ಹೆದರಿಕೆ ಹುಟ್ಟುವುದು ಇಲ್ಲೇ. ಈಜುಕೊಳದಲ್ಲಿ 750 ಮೀಟರ್ ಆರಾಮಾಗಿ ಮುಗಿಸುವವರೂ ಕೆರೆಯಲ್ಲೋ ಸಮುದ್ರದಲ್ಲೋ 50 ಮೀಟರ್‌ಗೆ ತತ್ತರಿಸುತ್ತಾರೆ. ತಳ ಕಾಣುವುದಿಲ್ಲ. ಹಿಡಿದುಕೊಳ್ಳಲು ಗೋಡೆ ಇಲ್ಲ. ಪಕ್ಕದವರ ಮೊಣಕೈ ಮುಖಕ್ಕೆ ಬಡಿಯುತ್ತದೆ. ತಣ್ಣನೆ ನೀರು ಎದೆಗೆ ತಾಗಿದ ಕೂಡಲೇ ಉಸಿರು ಮೇಲಕ್ಕೆ ಹತ್ತುತ್ತದೆ. ಇದು ಧೈರ್ಯದ ಪ್ರಶ್ನೆಯಲ್ಲ, ದೇಹ ಹಾಗೇ ಮಾಡುವುದು. ಅದಕ್ಕೆ ರೇಸ್‌ಗೆ ಮುಂಚೆ ನಾಲ್ಕೈದು ಸಲವಾದರೂ ಬಯಲು ನೀರಿನಲ್ಲಿ ಈಜಿರಬೇಕು. ಒಬ್ಬರೇ ಯಾವತ್ತೂ ಬೇಡ. ಎಷ್ಟು ಚೆನ್ನಾಗಿ ಈಜು ಬಂದರೂ ಬೇಡ.

ಅಲ್ಲಿ ಕಲಿಯಬೇಕಾದ್ದು ಮೂರು. ಒಂದು, ದಿಕ್ಕು ನೋಡುವುದು. ಏಳೆಂಟು ಕೈ ಹೊಡೆತಕ್ಕೊಮ್ಮೆ ಮೊಸಳೆಯ ಹಾಗೆ ಕಣ್ಣು ಮಾತ್ರ ನೀರಿನ ಮೇಲೆ ತಂದು ತೇಲುವ ಗುರುತನ್ನು ನೋಡಿ, ತಿರುಗಿ ಮುಖ ಇಳಿಸುವುದು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ. ಎರಡು, ಎರಡೂ ಬದಿಗೆ ಉಸಿರು ತೆಗೆಯುವುದು. ಅಲೆ ಯಾವ ಕಡೆಯಿಂದ ಬರುತ್ತದೋ ಗೊತ್ತಿಲ್ಲವಲ್ಲ. ಮೂರು, ಗಾಬರಿಯಾದಾಗ ಏನು ಮಾಡಬೇಕು ಅನ್ನುವುದು. ಅಂಗಾತ ತಿರುಗಿ, ತೇಲಿ, ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಎಳೆದುಕೊಳ್ಳುವುದಲ್ಲ, ಬಿಡುವುದು. ಗಾಬರಿಯಲ್ಲಿ ನಾವು ಉಸಿರು ಬಿಡುವುದನ್ನೇ ಮರೆತಿರುತ್ತೇವೆ.

ರೇಸ್‌ನಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ರಕ್ಷಕರು ಇರುತ್ತಾರೆ. ಕೈ ಎತ್ತಿದರೆ ಹತ್ತಿರ ಬರುತ್ತಾರೆ. ಕಯಾಕ್ ಹಿಡಿದು ಸುಧಾರಿಸಿಕೊಂಡು ಮತ್ತೆ ಈಜಿದರೆ ತಪ್ಪೇನಿಲ್ಲ. ಅದರ ಆಸರೆಯಲ್ಲಿ ಮುಂದಕ್ಕೆ ಸಾಗಬಾರದು, ಅಷ್ಟೇ. ಇದನ್ನು ಮನೆಯವರಿಗೂ ಹೇಳಿಡಿ. ಇಲ್ಲದಿದ್ದರೆ ದಡದಲ್ಲಿ ನಿಂತವರಿಗೆ ಕಯಾಕ್ ಹಿಡಿದವರೆಲ್ಲ ಮುಳುಗುತ್ತಿರುವ ಹಾಗೆಯೇ ಕಾಣುತ್ತಾರೆ.

ಹೊರಡುವಾಗ ಮುಂದಿನ ಸಾಲು ಬೇಡ. ಹಿಂದೆ, ಒಂದು ಬದಿಗೆ ನಿಲ್ಲಿ. ಹತ್ತು ಸೆಕೆಂಡ್ ತಡವಾಗಿ ಇಳಿದರೆ ನಷ್ಟ ಹತ್ತೇ ಸೆಕೆಂಡ್. ಗಾಗಲ್ಸ್ ಪಟ್ಟಿಯನ್ನು ಟೋಪಿಯ ಒಳಗೆ ಹಾಕಿಕೊಳ್ಳಿ. ಯಾರ ಕಾಲು ತಗುಲಿದರೂ ಕಳಚಿ ಹೋಗುವುದಿಲ್ಲ. ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಈಜುಡುಗೆ) ಹಾಕಬಹುದೋ ಇಲ್ಲವೋ ಅನ್ನುವುದು ಆ ದಿನದ ನೀರಿನ ತಾಪಮಾನದ ಮೇಲೆ ಹೋಗುತ್ತದೆ. ಅದಿಲ್ಲದೆಯೂ ಈಜಿ ಅಭ್ಯಾಸ ಇರಲಿ.

ಅಂದ ಹಾಗೆ, ಈಜು ಮೊದಲು ಬರುವುದು ಹುಟ್ಟಿನಿಂದ ಬಂದ ನಿಯಮವೇನಲ್ಲ. ಟ್ರಯಥ್ಲಾನ್ ಅನ್ನುವ ಹೆಸರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ 1974ರ ಸೆಪ್ಟೆಂಬರ್ 25ರ ಸಂಜೆ ನಡೆದ ರೇಸ್‌ನಲ್ಲಿ ಓಟ ಮೊದಲಿತ್ತು. ಕೊನೆಯವರು ಈಜುವಷ್ಟರಲ್ಲಿ ಕತ್ತಲಾಗಿ, ಕಾರುಗಳನ್ನು ನೀರಿನ ಕಡೆ ಮುಖ ಮಾಡಿ ನಿಲ್ಲಿಸಿ ದೀಪ ಹಾಕಬೇಕಾಯಿತಂತೆ. ಸುಸ್ತಾದವರನ್ನು ನೀರಿಗೆ ಬಿಡುವುದಕ್ಕಿಂತ ಈಗಿನ ಕ್ರಮ ಎಷ್ಟೋ ವಾಸಿ, ಅಲ್ವಾ?

ಟ್ರಾನ್ಸಿಷನ್: ಒಂದು ಟವೆಲ್‌ನಷ್ಟು ಜಾಗ

ಸೈಕಲ್ ನಿಲ್ಲಿಸಿ, ಬಟ್ಟೆಬರೆ ಇಟ್ಟುಕೊಳ್ಳುವ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಈಜಿ ಬಂದು ಸೈಕಲ್ ಹತ್ತುವುದು ಟಿ-1, ಸೈಕಲ್ ಇಳಿದು ಓಡುವುದು ಟಿ-2. ನಿಮ್ಮ ಪಾಲಿಗೆ ಸಿಗುವುದು ಸೈಕಲ್ ಪಕ್ಕದಲ್ಲಿ ಟವೆಲ್ ಹಾಸುವಷ್ಟು ಜಾಗ. ಅದರಲ್ಲಿ ಮುಂದೆ ಸೈಕಲ್ ಸಾಮಾನು, ಹಿಂದೆ ಓಟದ ಸಾಮಾನು. ಶೂ ಬಾಯಿ ತೆರೆದಿರಲಿ. ಕಾಲುಚೀಲವನ್ನು ಅರ್ಧ ಸುರುಳಿ ಸುತ್ತಿ ಒಳಗೆ ಸ್ವಲ್ಪ ಪೌಡರ್ ಹಾಕಿಡಿ. ಒದ್ದೆ ಪಾದಕ್ಕೆ ಕಾಲುಚೀಲ ಏರಿಸುವುದು ಎಂಥ ಕಷ್ಟ ಅನ್ನುವುದು ಒಂದು ಸಲ ಮಾಡಿದವರಿಗೇ ಗೊತ್ತು.

ಹೆಲ್ಮೆಟ್ ಅನ್ನು ಹ್ಯಾಂಡಲ್ ಮೇಲೆ ಬೋರಲು ಹಾಕಬೇಡಿ, ಅಂಗಾತ ಇಡಿ. ಪಟ್ಟಿಗಳು ಎರಡೂ ಕಡೆ ಹೊರಗೆ ಚಾಚಿರಲಿ. ಇಲ್ಲಿನ ನಿಯಮ ಕಟ್ಟುನಿಟ್ಟು. ಹೆಲ್ಮೆಟ್ ಹಾಕಿ, ಗಲ್ಲದ ಕೆಳಗಿನ ಕೊಕ್ಕೆ ‘ಟಕ್’ ಅಂದ ಮೇಲೆಯೇ ಸೈಕಲ್ ಮುಟ್ಟಬೇಕು. ವಾಪಸ್ ಬಂದಾಗ ಸೈಕಲ್ ರ‍್ಯಾಕ್‌ಗೆ ಹಾಕಿದ ಮೇಲೆಯೇ ಕೊಕ್ಕೆ ಬಿಚ್ಚಬೇಕು. ಮನೆಯಲ್ಲಿ ಇದು ಎರಡು ಸೆಕೆಂಡಿನ ಕೆಲಸ. ಅಲ್ಲಿ ಬೆರಳು ಮರಗಟ್ಟಿರುತ್ತದೆ, ಎದೆ ಡವಗುಟ್ಟುತ್ತಿರುತ್ತದೆ, ನೀರು ಕಣ್ಣಿಗೆ ಇಳಿಯುತ್ತಿರುತ್ತದೆ. ನಾನು ಮೊದಲ ಸಲ ಆ ಕೊಕ್ಕೆಯನ್ನು ನಾಲ್ಕು ಸಲ ತಪ್ಪಿಸಿದೆ. ಐದನೇ ಸಲ ಗಲ್ಲದ ಚರ್ಮ ಸಿಕ್ಕಿಸಿಕೊಂಡೆ. ಈಗ ರೇಸ್‌ಗೆ ಮುಂಚಿನ ವಾರ ಬಕೆಟ್ ನೀರಿನಲ್ಲಿ ಕೈ ಅದ್ದಿ, ಕಣ್ಣು ಮುಚ್ಚಿ ಹತ್ತು ಸಲ ಹಾಕಿ ತೆಗೆಯುತ್ತೇನೆ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಟ್ರಾನ್ಸಿಷನ್ ಒಳಗೆ ಸೈಕಲ್ ಹತ್ತುವ ಹಾಗಿಲ್ಲ. ಹತ್ತುವ ಗೆರೆ ದಾಟಿ ಹತ್ತಬೇಕು, ಇಳಿಯುವ ಗೆರೆಗೆ ಮುಂಚೆ ಇಳಿಯಬೇಕು. ಬಿಬ್ ನಂಬರನ್ನು (ನಿಮ್ಮ ನಂಬರ್ ಇರುವ ಹಾಳೆ) ಬೆಲ್ಟ್‌ಗೆ ಕಟ್ಟಿಕೊಂಡರೆ ಸೈಕಲ್ ಮೇಲೆ ಬೆನ್ನಿಗೆ, ಓಡುವಾಗ ಹೊಟ್ಟೆಗೆ ತಿರುಗಿಸಿಕೊಳ್ಳಬಹುದು. ಚಿಪ್ ಎಡಗಾಲಿಗೆ ಕಟ್ಟಿ. ಚೈನ್ ಇರುವುದು ಬಲಗಡೆ.

ನಿಮ್ಮ ಸೈಕಲ್ ಎಲ್ಲಿದೆ ಅನ್ನುವುದಕ್ಕೆ ಪಕ್ಕದ ಕೆಂಪು ಸೈಕಲನ್ನು ಗುರುತಿಟ್ಟುಕೊಳ್ಳಬೇಡಿ. ನೀವು ಬರುವಷ್ಟರಲ್ಲಿ ಅದು ಹೊರಟು ಹೋಗಿರುತ್ತದೆ. ನೀರಿನಿಂದ ಬರುವ ಬಾಗಿಲಿನಿಂದ ಎಷ್ಟನೇ ಸಾಲು ಅಂತ ಎಣಿಸಿ. ಹಾಗೇ ಸೈಕಲ್ ವಾಪಸ್ ಬರುವ ಬಾಗಿಲಿನಿಂದಲೂ. ಬೆಳಿಗ್ಗೆ ಒಂದು ಸಲ ಆ ದಾರಿಯಲ್ಲಿ ನಡೆದೇ ನೋಡಿ.

ನಿಮ್ಮವರಿಗೆ ಒಂದು ಚೀಟಿ

ರೇಸ್‌ಗೆ ಮೂರು ದಿನ ಮುಂಚೆ ಒಂದು ಕಾಗದದಲ್ಲಿ ನಿಮ್ಮ ಸಮಯದ ಅಂದಾಜು ಬರೆಯಿರಿ. ಒಂದು ಉದಾಹರಣೆ ಹೇಳುತ್ತೇನೆ. 7 ಗಂಟೆಗೆ ಹೊರಡುತ್ತೀರಿ ಅಂದುಕೊಳ್ಳಿ. ಈಜು 20 ನಿಮಿಷ. ಅಲ್ಲಿಗೆ 7:20ಕ್ಕೆ ನೀರಿನಿಂದ ಹೊರಗೆ. ಟಿ-1ಕ್ಕೆ 4 ನಿಮಿಷ, 7:24ಕ್ಕೆ ಸೈಕಲ್. ಗಂಟೆಗೆ 25 ಕಿ.ಮೀ. ವೇಗದಲ್ಲಿ 20 ಕಿ.ಮೀ.ಗೆ 48 ನಿಮಿಷ, 8:12ಕ್ಕೆ ವಾಪಸ್. ಟಿ-2ಕ್ಕೆ 2 ನಿಮಿಷ, 8:14ಕ್ಕೆ ಓಟ ಶುರು. 34 ನಿಮಿಷ ಓಡಿದರೆ 8:48ಕ್ಕೆ ಮುಗಿಯಿತು.

ಈ ಒಂದೊಂದು ಸಮಯದ ಪಕ್ಕದಲ್ಲೂ ‘ಬೇಗ ಬಂದರೆ’, ‘ತಡವಾದರೆ’ ಅಂತ ಎರಡು ಅಂಕಿ ಬರೆಯಿರಿ. ಈಜಿಗೆ 5 ನಿಮಿಷ ಹಿಂದೆ ಮುಂದೆ, ಕೊನೆಗೆ ಬರುವಷ್ಟರಲ್ಲಿ 15 ನಿಮಿಷ. ಬಹಳ ರೇಸ್‌ಗಳಲ್ಲಿ ಗುಂಪು ಗುಂಪಾಗಿ ನೀರಿಗೆ ಬಿಡುತ್ತಾರೆ. ನಿಮ್ಮ ಗುಂಪು 7:15ಕ್ಕೆ ಹೊರಡುವುದಾದರೆ ಎಲ್ಲಕ್ಕೂ 15 ಕೂಡಿಸಿ. ಇದನ್ನು ಬರೆಯದೆ ಇದ್ದರೆ ಏನಾಗುತ್ತದೆ ಗೊತ್ತಾ? ನೀವು ಪಂಕ್ಚರ್ ಹಾಕಿಕೊಂಡು ಹತ್ತು ನಿಮಿಷ ತಡ ಮಾಡಿರುತ್ತೀರಿ, ಅಮ್ಮ ಅಷ್ಟರಲ್ಲಿ ಆಂಬುಲೆನ್ಸ್ ಹತ್ತಿರ ಹೋಗಿ ಕೇಳುತ್ತಿರುತ್ತಾರೆ. ‘ಸೈಕಲ್‌ನಲ್ಲಿ ತಡವಾದರೆ ಹೆಚ್ಚಾಗಿ ಪಂಕ್ಚರ್ ಅಂತಲೇ ತಿಳಿಯಿರಿ’ ಅಂತ ಒಂದು ಸಾಲು ಚೀಟಿಯಲ್ಲೇ ಇರಲಿ. ಪ್ರಥಮ ಚಿಕಿತ್ಸೆಯ ಟೆಂಟ್ ಎಲ್ಲಿದೆ ಅನ್ನುವುದೂ ಇರಲಿ.

ಇನ್ನು ನಿಲ್ಲುವ ಜಾಗ. ಎಲ್ಲರೂ ರೇಸ್ ಮುಗಿಯುವ ಗೆರೆಯ ಕಮಾನಿನ ಹತ್ತಿರ ನಿಲ್ಲುತ್ತಾರೆ. ನನಗೆ ಕೇಳಿದರೆ ಕೂಗಿನ ಅಗತ್ಯ ಅಲ್ಲಿ ಅಷ್ಟೇನೂ ಇಲ್ಲ. ಕಮಾನು ಕಣ್ಣಿಗೆ ಬಿದ್ದ ಮೇಲೆ ಕಾಲು ತಾನಾಗಿ ಓಡುತ್ತದೆ. ಬೇಕಾಗಿರುವುದು ಓಟದ ಮೂರನೇ ಕಿ.ಮೀ.ನಲ್ಲಿ. ಅಲ್ಲಿ ಯಾರೂ ಇರುವುದಿಲ್ಲ, ಸುಸ್ತು ಪೂರ್ತಿ ಏರಿರುತ್ತದೆ, ‘ಸ್ವಲ್ಪ ನಡೆಯೋಣ’ ಅಂತ ಮನಸ್ಸು ಹೇಳುತ್ತಿರುತ್ತದೆ. ಓಟದ ದಾರಿಯ ತಿರುವಿನಲ್ಲಿ ನಿಮ್ಮವರಲ್ಲಿ ಒಬ್ಬರನ್ನು ನಿಲ್ಲಿಸಿ. ಇನ್ನೊಬ್ಬರು ನೀರಿನಿಂದ ಏಳುವ ಜಾಗದಲ್ಲಿ. ಅವರೇ ಆಮೇಲೆ ನಿಧಾನವಾಗಿ ನಡೆದು ಸೈಕಲ್ ಹತ್ತುವ ಗೆರೆ ದಾಟಿದ ಕಡೆ ಹೋಗಲಿ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ ಕಮಾನಿಗೆ ಇನ್ನೂರು ಮುನ್ನೂರು ಮೀಟರ್ ಇರುವಾಗ ನೆರಳಿರುವ ಜಾಗ. ಎಲ್ಲರೂ ಗುಂಪಾಗಿ ಓಡಾಡುವುದಕ್ಕಿಂತ ಹೀಗೆ ಹಂಚಿಕೊಂಡರೆ ನಿಮಗೂ ಹೆಚ್ಚು ಸಲ ಮುಖಗಳು ಕಾಣುತ್ತವೆ.

ಯಾವ ಬದಿಯಲ್ಲಿ ನಿಲ್ಲುತ್ತಾರೆ ಅನ್ನುವುದನ್ನೂ ಮಾತಾಡಿಕೊಳ್ಳಿ. ‘ತಿರುವಿನಲ್ಲಿ, ನಿನ್ನ ಎಡಗಡೆ’ ಅಂದಿದ್ದರೆ ನೀವು ಆ ಕಡೆ ನೋಡಿಕೊಂಡೇ ಬರುತ್ತೀರಿ. ನಿಮ್ಮನ್ನು ಗುರುತಿಸಲು ನಂಬರ್ ಸಾಲದು, ದೂರದಿಂದ ಅದು ಕಾಣುವುದಿಲ್ಲ. ಎದ್ದು ಕಾಣುವ ಬಣ್ಣದ ಕಾಲುಚೀಲವೋ ಹೆಲ್ಮೆಟೋ ಇದ್ದರೆ ಅನುಕೂಲ. ನಾನು ಕಿತ್ತಳೆ ಕಾಲುಚೀಲ ಹಾಕುತ್ತೇನೆ. ಚೆನ್ನಾಗಿ ಕಾಣುತ್ತದೆ ಅಂತಲ್ಲ, ಅಪ್ಪನಿಗೆ ಕಾಣುತ್ತದೆ ಅಂತ.

ಅವರು ಮಾಡಬಾರದ್ದು

1978ರ ಫೆಬ್ರುವರಿಯಲ್ಲಿ ಹವಾಯಿಯ ಮೊದಲ ಐರನ್‌ಮ್ಯಾನ್‌ಗೆ ಇಳಿದವರು 15 ಜನ, ಮುಗಿಸಿದವರು 12. ಆಗ ಪ್ರತಿಯೊಬ್ಬರ ಜೊತೆಗೂ ಅವರದೇ ಸಹಾಯಕರು ಇದ್ದರು. ನೀರು, ಊಟ ಎಲ್ಲ ಅವರದೇ ಜವಾಬ್ದಾರಿ. ಮುಂದಿದ್ದ ಜಾನ್ ಡನ್‌ಬಾರ್ ಕಡೆಯವರ ಹತ್ತಿರ ಓಟದಲ್ಲಿ ನೀರು ಖಾಲಿಯಾಯಿತು. ಅವರು ಬಿಯರ್ ಕೊಟ್ಟರು. ಡನ್‌ಬಾರ್ ಎರಡನೆಯವರಾಗಿ ಮುಗಿಸಿದರು, ಗೆದ್ದವರು ಗಾರ್ಡನ್ ಹಾಲರ್.

ಈಗ ಕಾಲ ತಿರುಗಿದೆ. ಸಂಘಟಕರು ಇಟ್ಟ ನೀರಿನ ಮೇಜು ಬಿಟ್ಟು ಬೇರೆ ಯಾರಿಂದಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ. ಹೊರಗಿನ ಸಹಾಯ ಅಂತ ದಂಡ ಹಾಕುತ್ತಾರೆ, ಕೆಲವೊಮ್ಮೆ ರೇಸ್‌ನಿಂದಲೇ ಹೊರಗೆ ಹಾಕುತ್ತಾರೆ. ನನ್ನ ಎರಡನೇ ರೇಸ್‌ನಲ್ಲಿ ಅಕ್ಕ ಪ್ರೀತಿಯಿಂದ ಬ್ಯಾರಿಕೇಡ್ ಮೇಲಿಂದ ಬಾಟಲಿ ಚಾಚಿದಳು. ಬಾಯಾರಿತ್ತು, ಕೈ ತಾನಾಗಿ ಹೋಯಿತು. ಪಕ್ಕದಲ್ಲೇ ಇದ್ದ ರೆಫರಿ ಸೀಟಿ ಊದಿದರು. ಎಚ್ಚರಿಕೆ ಕೊಟ್ಟು ಬಿಟ್ಟರು, ಪುಣ್ಯ. ನನಗಿಂತ ಅಕ್ಕನ ಮುಖ ಹೆಚ್ಚು ಬಾಡಿತ್ತು. ಇಂಥದ್ದನ್ನು ಮುಂಚೆಯೇ ಹೇಳಿರಬೇಕಾದವನು ನಾನು.

ಪಕ್ಕದಲ್ಲಿ ಓಡುತ್ತಾ ಬರುವುದೂ ಸಹಾಯದ ಲೆಕ್ಕಕ್ಕೇ ಬರುತ್ತದೆ. ನಾಲ್ಕು ಹೆಜ್ಜೆ ಉತ್ಸಾಹದಲ್ಲಿ ಓಡಿದರೆ ಯಾರೂ ಏನೂ ಅನ್ನಲಿಕ್ಕಿಲ್ಲ. ಅದನ್ನು ಮುಂದುವರಿಸಬಾರದು. ಟ್ರಾನ್ಸಿಷನ್ ಒಳಗೆ ಮನೆಯವರಿಗೆ ಪ್ರವೇಶ ಇಲ್ಲ. ಎರಡು ನಿಮಿಷದ ಕೆಲಸವಾದರೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸೈಕಲ್ ದಾರಿ ದಾಟುವ ವಿಷಯ. ಸೈಕಲ್ ಸದ್ದಿಲ್ಲದೆ ಬರುತ್ತದೆ. ಇಳಿಜಾರಿನಲ್ಲಿ ಗಂಟೆಗೆ 40 ಕಿ.ಮೀ. ಮುಟ್ಟುವುದು ಕಷ್ಟವೇನಲ್ಲ. ಸ್ವಯಂಸೇವಕರು ಬಿಡುವ ಜಾಗದಲ್ಲಿ ಮಾತ್ರ, ಮಕ್ಕಳ ಕೈ ಹಿಡಿದುಕೊಂಡು ದಾಟಬೇಕು. ಫೋನ್ ನೋಡುತ್ತಾ ದಾಟುವವರಿಗೆ ಗದರಿದರೂ ತಪ್ಪಿಲ್ಲ.

ಏನಂತ ಕೂಗಬೇಕು

ಹೆಸರು ಹಿಡಿದು ಕೂಗಿ. ನೂರು ಜನರ ಗಲಾಟೆಯಲ್ಲೂ ನಮ್ಮ ಹೆಸರು ಕಿವಿಗೆ ಬೀಳುತ್ತದೆ. ಮನೆಯಲ್ಲಿ ಕರೆಯುವ ಹೆಸರಾದರೆ ಇನ್ನೂ ಬೇಗ. ಹತ್ತು ಮೀಟರ್ ದೂರ ಇರುವಾಗಲೇ ಶುರು ಮಾಡಿ. ದಾಟಿ ಹೋದ ಮೇಲೆ ಬೆನ್ನಿಗೆ ಕೂಗಿದರೆ ಅರ್ಧ ಗಾಳಿಗೆ ಹೋಗುತ್ತದೆ.

‘ಇನ್ನೇನು ಮುಗೀತು, ಸ್ವಲ್ಪವೇ ಇರೋದು’ ಅಂತ ದಯವಿಟ್ಟು ಬೇಡ. ಎರಡು ಕಿ.ಮೀ. ಬಾಕಿ ಇರುವವರಿಗೆ ಅದನ್ನು ಹೇಳಿದರೆ ಸಿಟ್ಟು ಬರುತ್ತದೆ. ನಿಜ ಗೊತ್ತಿದ್ದರೆ ನಿಜ ಹೇಳಿ: ‘ತಿರುವಿಗೆ 400 ಮೀಟರ್.’ ‘ಎಷ್ಟನೇ ಜಾಗದಲ್ಲಿ ಇದ್ದೀಯ ಗೊತ್ತಾ’ ಅನ್ನುವುದೂ ಬೇಡ. ಮೊದಲ ರೇಸ್ ಅದು, ಜಾಗದ ಚಿಂತೆ ಯಾರಿಗೆ? ಉಪಯೋಗಕ್ಕೆ ಬರುವ ಒಂದು ಮಾತನ್ನು ಮುಂಚೆಯೇ ಹೇಳಿಕೊಟ್ಟಿರಿ. ಸುಸ್ತಾದಾಗ ನನ್ನ ಭುಜ ಕಿವಿಯ ಹತ್ತಿರ ಏರುತ್ತದೆ. ಹಾಗಾಗಿ ತಿರುವಿನಲ್ಲಿ ಅಪ್ಪ ಹೇಳುವುದು ಎರಡೇ ಮಾತು: ‘ಭುಜ ಇಳಿಸು.’ ಅಷ್ಟಕ್ಕೇ ಉಸಿರು ಸಲೀಸಾಗುತ್ತದೆ.

ಫಲಕ ಬರೆಯುವುದಾದರೆ ಮೂರು ಪದ ಸಾಕು, ಅಂಗೈ ಅಗಲದ ಅಕ್ಷರ ಇರಲಿ. ಓಡುವವರಿಗೆ ಅದನ್ನು ಓದಲು ಸಿಗುವುದು ಎರಡು ಮೂರು ಸೆಕೆಂಡ್. ನಮ್ಮ ತಂಗಿಯ ಮಗಳು ಒಮ್ಮೆ ಉದ್ದದ ಪದ್ಯ ಬರೆದಿದ್ದಳು. ನಾನು ಓದಿದ್ದು ‘ಮಾಮ’ ಅನ್ನುವುದೊಂದೇ. ಫೋಟೊ ತೆಗೆಯಲು ಒಬ್ಬರನ್ನು ಗೊತ್ತುಮಾಡಿ. ಎಲ್ಲರೂ ಫೋನ್ ಹಿಡಿದರೆ ಚಪ್ಪಾಳೆ ತಟ್ಟಲು ಕೈ ಉಳಿಯುವುದಿಲ್ಲ. ಬೇರೆಯವರಿಗೂ ಕೂಗಿ. ಕೊನೆಕೊನೆಗೆ ಒಬ್ಬೊಬ್ಬರೇ ಬರುವವರಿಗೆ ಇನ್ನೂ ಜೋರಾಗಿ ಕೂಗಿ.

ಅವರ ಚೀಲದಲ್ಲಿ ಏನಿರಬೇಕು ಅನ್ನುವುದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಟೋಪಿ, ನೀರು, ತಿನ್ನಲು ಏನಾದರೂ, ಮಡಚುವ ಕುರ್ಚಿ, ಚಾರ್ಜ್ ಇರುವ ಫೋನ್. ಶೌಚಾಲಯ ಎಲ್ಲಿದೆ ಅನ್ನುವ ಮಾಹಿತಿ. ನಸುಕಿನಲ್ಲಿ ಎದ್ದು ಬಂದಿರುತ್ತಾರೆ ಪಾಪ, ಹಸಿದಿರುತ್ತಾರೆ.

ಹಿಂದಿನ ದಿನ, ಆ ದಿನ

ಹೊಸದು ಏನೂ ಬೇಡ. ಹೊಸ ಶೂ, ಹೊಸ ತಿಂಡಿ, ಹೊಸ ಬಟ್ಟೆ, ಯಾವುದೂ. ನಂಬರ್, ಚಿಪ್, ಟೋಪಿ ಎಲ್ಲ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಬಿಬ್ ಹಿಂಬದಿಯಲ್ಲಿ ತುರ್ತು ಸಂಪರ್ಕದ ನಂಬರ್ ಬರೆಯಿರಿ. ಆ ಫೋನ್ ಹಿಡಿದಿರುವವರು ಮೈದಾನದಲ್ಲೇ ಇರಬೇಕು. ರಾತ್ರಿ ನಿದ್ದೆ ಬಾರದಿದ್ದರೆ ಚಿಂತೆ ಬೇಡ. ಅದರ ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದರೆ ನಡೆಯುತ್ತದೆ.

ಒಂದೂವರೆ ಗಂಟೆ ಮುಂಚೆ ತಲುಪಿ. ಶೌಚಾಲಯದ ಸಾಲಿಗೇ ಅರ್ಧ ಗಂಟೆ ಹೋಗುತ್ತದೆ. ಗಾಳಿ ಪರೀಕ್ಷಿಸಿ, ಸೈಕಲ್ ಹಗುರ ಗೇರ್‌ನಲ್ಲಿ ಇಡಿ, ಟವೆಲ್ ಹಾಸಿ. ಟ್ರಾನ್ಸಿಷನ್ ಬಾಗಿಲಲ್ಲಿ ಮನೆಯವರಿಗೆ ಕೈ ಬೀಸಿ ಒಳಗೆ ಹೋಗಿ. ಆಮೇಲೆ ಹೊರಗೆ ಬಂದು ಹರಟೆ ಹೊಡೆಯುತ್ತಾ ನಿಲ್ಲಬೇಡಿ. ಅವರ ಗಾಬರಿ ನಿಮಗೆ ಅಂಟುತ್ತದೆ.

ಈಜಿನ ಮೊದಲ ನೂರು ಮೀಟರ್ ಬೇಕೆಂದೇ ನಿಧಾನ. ಸೈಕಲ್‌ನಲ್ಲಿ ಮೊದಲ ಐದು ನಿಮಿಷ ಉಸಿರು ಹದಕ್ಕೆ ಬರಲಿ, ಆಮೇಲೆ ನೀರು ಕುಡಿಯುತ್ತಾ ಹೋಗಿ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ನಿಜ, ಆದರೆ ಹವ್ಯಾಸಿಗಳ ಎಷ್ಟೋ ರೇಸ್‌ಗಳಲ್ಲಿ ಅದಕ್ಕೆ ದಂಡ ಇದೆ. 10 ಮೀಟರೋ 12 ಮೀಟರೋ ಅಂತರ ಬಿಡಬೇಕು. ನಿಮ್ಮ ರೇಸ್‌ನ ನಿಯಮ ಓದಿ. ಇಯರ್‌ಫೋನ್ ಹಾಕುವ ಹಾಗಿಲ್ಲ. ಓಟದ ಮೊದಲ ಕಿ.ಮೀ. ನಾಚಿಕೆಯಾಗುವಷ್ಟು ನಿಧಾನವಾಗಿ ಹೋಗಿ. ನೀರಿನ ಮೇಜಿನ ಹತ್ತಿರ ನಡೆದರೂ ಪರವಾಗಿಲ್ಲ.

ಕಮಾನಿನ ಹತ್ತಿರ ಬಂದಾಗ ನಂಬರ್ ಮುಂದಕ್ಕೆ ಸರಿಪಡಿಸಿಕೊಳ್ಳಿ, ಮುಖ ಎತ್ತಿ. ಗಡಿಯಾರ ನಿಲ್ಲಿಸಲು ಬಗ್ಗಬೇಡಿ. ಚಿಪ್ ಇದೆಯಲ್ಲ. ನನ್ನ ಮೊದಲ ಫೋಟೊದಲ್ಲಿ ಕಾಣುವುದು ನನ್ನ ನೆತ್ತಿ ಮಾತ್ರ. ಮಗುವನ್ನು ಎತ್ತಿಕೊಂಡು ಗೆರೆ ದಾಟುವ ಆಸೆ ಇದ್ದರೆ ಮುಂಚೆಯೇ ಕೇಳಿಕೊಳ್ಳಿ. ಕೆಲವು ಕಡೆ ಅದಕ್ಕೆ ಅನರ್ಹ ಮಾಡುತ್ತಾರೆ.

ಮುಗಿದ ಮೇಲೆ

ತಕ್ಷಣ ಕೂರಬೇಡಿ. ಐದು ಹತ್ತು ನಿಮಿಷ ಸುಮ್ನೆ ನಡೆಯಿರಿ, ನೀರು ಗುಟುಕು ಗುಟುಕಾಗಿ ಕುಡಿಯಿರಿ, ಒದ್ದೆ ಬಟ್ಟೆ ಬದಲಿಸಿ. ತಲೆ ಸುತ್ತಿದರೆ ಸಂಕೋಚ ಇಲ್ಲದೆ ವೈದ್ಯರ ಟೆಂಟ್‌ಗೆ ಹೋಗಿ. ಮುಗಿಸಲು ಆಗದೇ ಇದ್ದರೂ ಚಿಪ್ ಹಿಂದಿರುಗಿಸಿ, ಸಂಘಟಕರಿಗೆ ತಿಳಿಸಿ. ಹೇಳದೆ ಹೊರಟು ಹೋದರೆ ಅವರು ನಿಮ್ಮನ್ನು ನೀರಿನಲ್ಲಿ ಹುಡುಕುತ್ತಾರೆ.

ಸೈಕಲ್ ತರಲು ನಿಮ್ಮ ನಂಬರ್ ತೋರಿಸಿ ನೀವೇ ಒಳಗೆ ಹೋಗಬೇಕು. ಎಷ್ಟೋ ಸಲ ಕೊನೆಯ ಸೈಕಲ್ ವಾಪಸ್ ಬರುವ ತನಕ ಬಾಗಿಲು ತೆರೆಯುವುದಿಲ್ಲ. ಆ ಅರ್ಧ ಗಂಟೆ ನಿಮ್ಮವರ ಜೊತೆ ಕೂತು ಅವರು ಏನೇನು ನೋಡಿದರು ಅಂತ ಕೇಳಿ. ಯಾರನ್ನೋ ನೋಡಿ ನೀವೇ ಅಂದುಕೊಂಡ ಕತೆ ಒಂದಾದರೂ ಇರುತ್ತದೆ.

ಆ ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿಬಿಡಿ: ಚಪ್ಪಲಿ. ಎರಡು ಗಂಟೆ ಒದ್ದೆ ಕಾಲುಚೀಲದಲ್ಲಿ ಬೆಂದ ಪಾದ ಶೂ ಬಿಟ್ಟು ಹೊರಗೆ ಬಂದಾಗ ಯಾರಾದರೂ ನಿಮ್ಮ ಹಳೇ ಚಪ್ಪಲಿ ಮುಂದೆ ಇಟ್ಟರೆ, ಪದಕ ಆಮೇಲೆ ನೋಡೋಣ ಅನ್ನಿಸುತ್ತದೆ. ಈಗ ಪ್ರತಿ ಸಲ ಅಪ್ಪ ಅದನ್ನು ಪೇಪರ್‌ನಲ್ಲಿ ಸುತ್ತಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ತಿರುವಿನಲ್ಲಿ ನಿಂತಿರುತ್ತಾರೆ.